ಆವೇಶವೂ ಅರ್ಥವೂ

ದೆಹಲಿಯ ಚಳಿಗಾಲ ಹೇಗಿರುತ್ತದೆ ಎಂದು ಊರಿನವರು ಕೇಳಿದಾಗ ಮಂಜು, ರಜಾಯಿ, ಬಿಸಿಲಿಗೆ ಕುಳಿತು ಸುಲಿದು ತಿನ್ನುವ ಕಡಲೆಕಾಯಿ, ಗಾಜರ್ ಹಲ್ವಾ ಇಷ್ಟನ್ನು ಹೇಳಿ ಮುಗಿಸುವುದು ನಮ್ಮ ವಾಡಿಕೆ. ಇನ್ನೊಂದು ಸಂಗತಿಯನ್ನು ಹೇಳಿದರೆ ನಂಬಲಾರರೆಂದು ಬಿಟ್ಟುಬಿಡುತ್ತೇವೆ. ಅದೇನೆಂದರೆ, ಈ ಊರಿನ ಚಳಿಗಾಲದಲ್ಲಿ ಒಬ್ಬರನ್ನೊಬ್ಬರು ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಇದು ಅಲಂಕಾರದ ಮಾತಲ್ಲ. ರಾತ್ರಿ ದೀಪ ಆರಿಸಿ ಉಣ್ಣೆಯ ಸ್ವೆಟರನ್ನು ತಲೆಯ ಮೇಲಿಂದ ಎಳೆದು ತೆಗೆಯುವಾಗ ಚಟಚಟ ಸದ್ದಾಗಿ ನೀಲಿ ಕಿಡಿಗಳು ಹಾರುವುದನ್ನು ಇಲ್ಲಿ ಒಂದೆರಡು ಚಳಿಗಾಲ ಕಳೆದವರೆಲ್ಲ ನೋಡಿಯೇ ಇರುತ್ತಾರೆ.

ನಾವು ಹಾಸನ ಜಿಲ್ಲೆಯವರು. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಗುಮಾಸ್ತರಾಗಿ ದೆಹಲಿಗೆ ಬಂದ ಮೊದಲ ವರ್ಷ, ಜನವರಿಯ ಒಂದು ಮಧ್ಯಾಹ್ನ, ಕಛೇರಿಯ ಉಕ್ಕಿನ ಬೀರುವಿನ ಹಿಡಿಗೆ ಕೈಯಿಟ್ಟೆವು. ಚುರುಕ್ಕೆಂದಿತು. ಗಾಬರಿಯಾಗಿ "ಬೀರುವಿಗೆ ಕರೆಂಟು ಹರಿದಿದೆ" ಎಂದು ಕೂಗಿಕೊಂಡೆವು. ಸೆಕ್ಷನ್ನಿನವರೆಲ್ಲ ಬಿದ್ದು ಬಿದ್ದು ನಕ್ಕರು. ಭೌತಶಾಸ್ತ್ರ ಓದಿ ಬಂದವನು ಸ್ವೆಟರಿನ ಕಿಡಿಗೂ ಮನೆಗೆ ಬರುವ ಕರೆಂಟಿಗೂ ವ್ಯತ್ಯಾಸ ತಿಳಿಯದವನೆಂದು ಒಂದು ವಾರ ಆಡಿಕೊಂಡರು. ಆ ನಗೆಯನ್ನು ನಾವು ಮರೆಯಲಿಲ್ಲ. ಮರೆತಿದ್ದರೆ ಒಳ್ಳೆಯದಿತ್ತೇನೋ. ಇಪ್ಪತ್ತು ವರ್ಷಗಳ ಮೇಲೆ ನಾವು ಮಾಡಿದ ತಪ್ಪಿಗೆ ಅದೂ ಒಂದು ಕಾರಣ.

2024ರ ಜನವರಿಯ ಮಾತು. ಅದರ ಹಿಂದಿನ ವರ್ಷ ನಮ್ಮ ತಂದೆಯವರು ತೀರಿಕೊಂಡಿದ್ದರಿಂದ ತಾಯಿಯನ್ನು ಚಳಿಗಾಲಕ್ಕೆಂದು ಕರೆತಂದಿದ್ದೆವು. ಚಳಿಗಾಲದಲ್ಲಿ ದೆಹಲಿಗೆ ಯಾರಾದರೂ ಕರೆತರುತ್ತಾರೆಯೇ ಎಂದು ಕೇಳಬೇಡಿ. ಆಕೆಯನ್ನು ಊರಿನ ಮನೆಯಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗಲಿಲ್ಲ, ಅಷ್ಟೆ. ಬಂದ ಮೂರನೆಯ ದಿನ, ನಾಲ್ಕನೆಯ ತರಗತಿಯ ನಮ್ಮ ಮಗ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕಾರ್ಪೆಟ್ಟಿನ ಮೇಲೆ ಸರಸರನೆ ಜಾರಾಡಿ ಬಂದು "ಅಜ್ಜೀ" ಎಂದು ಕೆನ್ನೆ ಮುಟ್ಟಿದ. ಆಕೆ ಬೆಚ್ಚಿಬಿದ್ದರು.

"ಏನೋ ಇದು! ಮಗು ಮುಟ್ಟಿದ್ರೆ ಚೇಳು ಕುಟುಕಿದ ಹಾಗಾಯ್ತಲ್ಲೋ!"

ಮಗನಿಗೆ ಅದೇ ಆಟವಾಯಿತು. ಕಾಲು ಉಜ್ಜುವುದು, ಬಂದು ಮುಟ್ಟುವುದು, ಅಜ್ಜಿ "ಮುಟ್ಬೇಡ್ವೋ" ಎಂದು ಶಾಲು ಮುದುರಿಕೊಳ್ಳುವುದು. ಊರಿನಲ್ಲಿ ಮಡಿಗೆಂದು ಮುಟ್ಟಬೇಡವೆನ್ನುತ್ತಿದ್ದವರು ಇಲ್ಲಿ ಕಿಡಿಗೆಂದು ಮುಟ್ಟಬೇಡವೆನ್ನುವಂತಾಯಿತು ಎಂದು ನಮ್ಮಾಕೆ ನಕ್ಕಳು. ಇದೇ ಸಮಯಕ್ಕೆ ಹನ್ನೆರಡನೆಯ ತರಗತಿಯ ಮಗಳು ಬೋರ್ಡ್ ಪರೀಕ್ಷೆಗೆಂದು ಭೌತಶಾಸ್ತ್ರದ ಮೊದಲನೆಯ ಪಾಠವನ್ನು ಮತ್ತೆ ಓದುತ್ತಿದ್ದಳು. 'ಎಲೆಕ್ಟ್ರಿಕ್ ಚಾರ್ಜಸ್ ಅಂಡ್ ಫೀಲ್ಡ್ಸ್.' ನಮಗೆ ಉತ್ಸಾಹ ಬಂದುಬಿಟ್ಟಿತು. ಕಡತಗಳ ನಡುವೆ ಧೂಳು ಹಿಡಿದಿದ್ದ ನಮ್ಮ ಬಿ.ಎಸ್ಸಿ.ಗೆ ಇಂಥ ಸಂದರ್ಭ ಮತ್ತೆ ಸಿಕ್ಕೀತೇ? ಭಾನುವಾರ ಮಧ್ಯಾಹ್ನ ಹೀಟರಿನ ಮುಂದೆ ಎಲ್ಲರನ್ನೂ ಕೂರಿಸಿಕೊಂಡೆವು. ತಾಯಿಗೆ ತಿಳಿಯಲೆಂದು ಕನ್ನಡದಲ್ಲೇ ಹೇಳುವುದೆಂದಾಯಿತು. ನಾವು ಹೈಸ್ಕೂಲು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಾರಿಭಾಷಿಕ ಪದಗಳು ಇನ್ನೂ ನಾಲಿಗೆಯ ಮೇಲಿದ್ದವು.

"ಎರಡು ವಸ್ತು ಉಜ್ಜಿದಾಗ ಅವಕ್ಕೆ ಆವೇಶ ಬರುತ್ತದೆ" ಎಂದು ಆರಂಭಿಸಿದೆವು.

"ಆವೇಶವೇ? ಮಾರಮ್ಮನ ಜಾತ್ರೇಲಿ ಬರತ್ತಲ್ಲ, ಅದಾ?" ಎಂದರು ತಾಯಿ.

ಮಕ್ಕಳು ನಕ್ಕರು. ಆದರೆ ಯೋಚಿಸಿದರೆ ಆ ಹೋಲಿಕೆ ಅಷ್ಟೇನೂ ಕೆಟ್ಟದ್ದಲ್ಲ. ಮೈಮೇಲೆ ಬಂದವರ ಹತ್ತಿರ ನಿಂತವರಿಗೂ ಮೈ ಜುಮ್ಮೆನ್ನುತ್ತದೆ. ಆವೇಶ ಇಳಿದ ಮೇಲೆ ಅವರೂ ನಮ್ಮಂತೆಯೇ ಸಾಧಾರಣ ಮನುಷ್ಯರು. ವಸ್ತುಗಳ ವಿಷಯವೂ ಹೀಗೆಯೇ. ಅಂಬರ್ ಎಂಬ ಹಳದಿ ಬಣ್ಣದ ರಾಳವನ್ನು ಉಜ್ಜಿದರೆ ಹುಲ್ಲಿನ ಚೂರುಗಳನ್ನು ಸೆಳೆಯುತ್ತದೆಂದು ಗ್ರೀಕರು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಂಡಿದ್ದರು. ಅವರ ಭಾಷೆಯಲ್ಲಿ ಅಂಬರಿನ ಹೆಸರು ಎಲೆಕ್ಟ್ರಾನ್. ಇಂಗ್ಲೆಂಡಿನ ರಾಣಿಯ ವೈದ್ಯನಾಗಿದ್ದ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ, ಗಾಜು, ಗಂಧಕ ಮೊದಲಾದ ಇನ್ನೂ ಅನೇಕ ವಸ್ತುಗಳಿಗೆ ಈ ಗುಣವಿದೆಯೆಂದು ತೋರಿಸಿ, ಆ ಗ್ರೀಕ್ ಹೆಸರಿನಿಂದಲೇ ಇದಕ್ಕೊಂದು ಲ್ಯಾಟಿನ್ ಪದ ಕಟ್ಟಿದ. ನಮ್ಮ ತಿಂಗಳ ಎಲೆಕ್ಟ್ರಿಕ್ ಬಿಲ್ಲಿನ ಹೆಸರಿನ ಮೂಲ ಅಲ್ಲಿದೆ. ಫ್ರಾನ್ಸಿನ ದ್ಯು ಫೇ 1733ರಲ್ಲಿ ಈ ಆವೇಶ ಎರಡು ಬಗೆಯೆಂದ. ಒಂದೇ ಬಗೆಯವು ದೂರ ತಳ್ಳುತ್ತವೆ, ಬೇರೆ ಬಗೆಯವು ಹತ್ತಿರ ಸೆಳೆಯುತ್ತವೆ. ಅದಾದ ಹದಿನೈದು ವರ್ಷದೊಳಗೆ ಅಮೆರಿಕದ ಫ್ರಾಂಕ್ಲಿನ್ ಅವಕ್ಕೆ ಧನ, ಋಣ ಎಂದು ಹೆಸರಿಟ್ಟ.

ಫ್ರಾಂಕ್ಲಿನ್ನನ ಲೆಕ್ಕ ನಮ್ಮಂಥ ಗುಮಾಸ್ತರಿಗೆ ಬಹಳ ಹಿಡಿಸುವಂಥದು. ಉಜ್ಜುವುದರಿಂದ ಹೊಸದಾಗಿ ಏನೂ ಹುಟ್ಟುವುದಿಲ್ಲ. ಇದ್ದದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಅಷ್ಟೆ. ಒಂದು ಖಾತೆಯಲ್ಲಿ ಜಮಾ, ಇನ್ನೊಂದರಲ್ಲಿ ಖರ್ಚು. ಒಟ್ಟು ಮೊತ್ತ ಅಷ್ಟಕ್ಕಷ್ಟೇ. ಹೋಗುವ ಪದಾರ್ಥ ಯಾವುದೆಂಬುದು ತಿಳಿದದ್ದು 1897ರಲ್ಲಿ, ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ. ಅದರ ಆವೇಶ ಋಣ ಎಂದು ಹೊರಟಿದ್ದು ಫ್ರಾಂಕ್ಲಿನ್ ಮೊದಲೇ ಇಟ್ಟಿದ್ದ ಹೆಸರಿನ ದೆಸೆಯಿಂದ. ಆದ್ದರಿಂದ ಇವತ್ತಿಗೂ ತಂತಿಯಲ್ಲಿ ಎಲೆಕ್ಟ್ರಾನು ಒಂದು ಕಡೆಗೆ ಹೋದರೆ, ವಿದ್ಯುತ್ ಪ್ರವಾಹ ಅದಕ್ಕೆ ಎದುರು ದಿಕ್ಕಿಗೆ ಹರಿಯಿತೆಂದು ಪುಸ್ತಕದಲ್ಲಿ ಬರೆಯುತ್ತಾರೆ. ಹಳೆಯ ಆದೇಶವೊಂದು ತಪ್ಪೆಂದು ಗೊತ್ತಾದ ಮೇಲೂ ರದ್ದಾಗದೆ ಜಾರಿಯಲ್ಲಿರುವುದು ಕಛೇರಿಯವರಿಗೆ ಹೊಸತೇ?

ಮಗನಿಗೆ ಇನ್ನೂ ಸುಲಭವಾಗಿ ಹೇಳಿದೆವು. ಎಲೆಕ್ಟ್ರಾನುಗಳೆಂದರೆ ಕೇಂದ್ರ ಸರ್ಕಾರದ ನೌಕರರು. ಉಜ್ಜುವುದೆಂದರೆ ವರ್ಗಾವಣೆ. ಕಾರ್ಪೆಟ್ಟಿಗೂ ಕಾಲುಚೀಲಕ್ಕೂ ನಡುವೆ ವರ್ಗಾವಣೆ ಆದಾಗ ಒಂದು ಕಡೆ ಹುದ್ದೆ ಖಾಲಿ, ಇನ್ನೊಂದು ಕಡೆ ಹೆಚ್ಚುವರಿ ಜನ. ಹೆಚ್ಚಾದವರು ಒಬ್ಬರನ್ನೊಬ್ಬರು ಸಹಿಸದೆ ಹೊರಡುವ ದಾರಿ ಹುಡುಕುತ್ತಿರುತ್ತಾರೆ. ಲೋಹದ ಹಿಡಿಯೋ ಅಜ್ಜಿಯ ಕೆನ್ನೆಯೋ ಹತ್ತಿರ ಬಂದರೆ ಒಮ್ಮೆಗೇ ಹಾರಿಬಿಡುತ್ತಾರೆ. ಅದೇ ಕಿಡಿ.

"ಮತ್ತೆ ನಮ್ಮೂರಲ್ಲಿ ಯಾಕೆ ಹೀಗಾಗಲ್ಲ?" ಎಂದರು ತಾಯಿ.

ಒಳ್ಳೆಯ ಪ್ರಶ್ನೆ. ನಮ್ಮೂರಿನ ಗಾಳಿಯಲ್ಲಿ ತೇವವಿದೆ. ತೇವವಿದ್ದರೆ ವಸ್ತುಗಳ ಮೇಲೆ ಕಾಣದಷ್ಟು ತೆಳ್ಳನೆಯ ನೀರಿನ ಪೊರೆ ಕೂರುತ್ತದೆ. ಆವೇಶ ಅದರ ಮೂಲಕ ಸದ್ದಿಲ್ಲದೆ ಸೋರಿಹೋಗುತ್ತದೆ, ಶೇಖರವಾಗಲು ಬಿಡುವಿಲ್ಲ. ದೆಹಲಿಯಲ್ಲಿ ಹೊರಗೆ ಮಂಜು ಕವಿದಿದ್ದರೂ ತಣ್ಣನೆಯ ಗಾಳಿಗೆ ನೀರಾವಿ ಹಿಡಿಯುವ ಶಕ್ತಿ ಕಡಿಮೆ. ಅದೇ ಗಾಳಿ ಮುಚ್ಚಿದ ಕೋಣೆಯೊಳಗೆ ಹೀಟರಿನಿಂದ ಬಿಸಿಯಾದರೆ ಒಣಗಾಳಿಯಾಗುತ್ತದೆ. ತುಟಿ ಒಡೆಯುವುದೂ ಕಿಡಿ ಹಾರುವುದೂ ಒಂದೇ ಕಾರಣಕ್ಕೆ. ಒದ್ದೆಯಿದ್ದಲ್ಲಿ ಈ ಆವೇಶ ನಿಲ್ಲದು ಎಂದು ನಾವು ಬೆರಳೆತ್ತಿ, ಒತ್ತಿ ಹೇಳಿದೆವು. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರಿಕೆ. ಹೇಳಿದ ನಾವೇ ಇಡಲಿಲ್ಲ.

ಮಗಳು ಪುಸ್ತಕದಿಂದ ತಲೆಯೆತ್ತಿ ಕೇಳಿದಳು. "ಅಪ್ಪಾ, ಫೀಲ್ಡ್ ಅನ್ನೋದು ನಿಜವಾಗಿ ಇದೆಯಾ, ಇಲ್ಲ ಲೆಕ್ಕ ಮಾಡೋದಕ್ಕೆ ಸುಮ್ಮನೆ ಇಟ್ಟುಕೊಂಡಿರೋದಾ?"

ಇಂಥ ಪ್ರಶ್ನೆ ನಮಗೆ ಬಿ.ಎಸ್ಸಿ.ಯ ಮೂರು ವರ್ಷದಲ್ಲಿ ಹೊಳೆದಿರಲಿಲ್ಲ. ಕೂಲಂಬ್ 1785ರಲ್ಲಿ ಸಣ್ಣ ತಂತಿಯ ತಿರುಚುವಿಕೆಯಿಂದ ಎರಡು ಆವೇಶಗಳ ನಡುವಿನ ಬಲವನ್ನು ಅಳೆದ. ದೂರ ಎರಡರಷ್ಟಾದರೆ ಬಲ ಕಾಲು ಪಾಲಾಗುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲು. ಈ ಬಲ ಎಂಥದೆಂದರೆ, ಒಂದೊಂದು ಕೂಲಂಬ್ ಆವೇಶವನ್ನು ಒಂದು ಮೀಟರ್ ಅಂತರದಲ್ಲಿ ಇಡುವುದು ಸಾಧ್ಯವಾದರೆ, ಅವುಗಳ ನಡುವೆ ಸುಮಾರು ಒಂಬತ್ತು ಲಕ್ಷ ಟನ್ ತೂಕದಷ್ಟು ಬಲ ಹುಟ್ಟುತ್ತದೆ. ಆದರೆ ನಡುವೆ ಏನೂ ಇಲ್ಲದೆ ಒಂದು ಇನ್ನೊಂದನ್ನು ತಳ್ಳುವುದು ಹೇಗೆ? ಇದಕ್ಕೆ ದಾರಿ ತೋರಿಸಿದವನು ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತ ಆ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದ ಮೈಕೇಲ್ ಫ್ಯಾರಡೆ. ಅವನಿಗೆ ಗಣಿತ ಹೆಚ್ಚು ಬಾರದು. ಆವೇಶದ ಸುತ್ತಲಿನ ಜಾಗವೇ ಬದಲಾಗಿರುತ್ತದೆ, ಅಲ್ಲಿ ಬಲರೇಖೆಗಳು ಹರಡಿರುತ್ತವೆ, ಇನ್ನೊಂದು ಆವೇಶ ಬಂದಾಗ ಅದು ತಾನು ನಿಂತ ಜಾಗದ ಮಾತನ್ನೇ ಕೇಳುತ್ತದೆ ಎಂದು ಅವನು ಚಿತ್ರ ಬರೆದು ತೋರಿಸಿದ. ಆ ಜಾಗದ ಗುಣವೇ ವಿದ್ಯುತ್ ಕ್ಷೇತ್ರ.

"ಕ್ಷೇತ್ರವೇ?" ಎಂದರು ತಾಯಿ. ಈಗ ಅವರಿಗೆ ಪರಿಚಿತವಾದ ಶಬ್ದ ಸಿಕ್ಕಿತ್ತು. "ಧರ್ಮಸ್ಥಳ ಇಲ್ವೇನೋ ಹಾಗೆ. ಸ್ವಾಮಿ ಇರೋದು ಗರ್ಭಗುಡೀಲಿ. ಆದ್ರೆ ಬಸ್ಸಿಳಿದು ನೇತ್ರಾವತಿ ಹೊಳೇಲಿ ಕಾಲಿಟ್ರೇ ಮನಸ್ಸು ಬೇರೆ ಆಗತ್ತೆ. ಕ್ಷೇತ್ರ ಅಂದ್ರೆ ಅದೇ ಅಲ್ವೆ? ಹತ್ರ ಹೋದಷ್ಟೂ ಜಾಸ್ತಿ."

ನಾವು ಮಗಳ ಮುಖ ನೋಡಿದೆವು. ಮಗಳು ನಮ್ಮ ಮುಖ ನೋಡಿದಳು. ಇದಕ್ಕಿಂತ ಚೆನ್ನಾಗಿ ನಮ್ಮ ಪ್ರೊಫೆಸರರೂ ಹೇಳಿರಲಿಲ್ಲ. ಭಕ್ತ ಬರಲಿ ಬಿಡಲಿ ಕ್ಷೇತ್ರ ಇದ್ದೇ ಇರುತ್ತದೆ. ಇನ್ನೊಂದು ಆವೇಶ ಬರಲಿ ಬಿಡಲಿ ವಿದ್ಯುತ್ ಕ್ಷೇತ್ರವೂ ಇದ್ದೇ ಇರುತ್ತದೆ. ಅದು ಲೆಕ್ಕದ ಕಲ್ಪನೆ ಮಾತ್ರವಲ್ಲ. ಒಂದು ಕಡೆ ಆವೇಶ ಅಲುಗಿದರೆ ಆ ಸುದ್ದಿ ಕ್ಷೇತ್ರದ ಅಲೆಯಾಗಿ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ರೇಡಿಯೋ, ಮೊಬೈಲ್ ಫೋನು ಎಲ್ಲವೂ ಕೆಲಸ ಮಾಡುವುದು ಈ ಅಲೆಯಿಂದಲೇ. ಆಗ ತಾನೇ ತೆಗೆದ ಸ್ವೆಟರನ್ನು ಮುಂಗೈ ಹತ್ತಿರ ಹಿಡಿದರೆ, ತಾಗಿಸದಿದ್ದರೂ ರೋಮ ಎದ್ದು ನಿಲ್ಲುತ್ತದೆ. ಅದು ಕ್ಷೇತ್ರವನ್ನು ಚರ್ಮದಿಂದ ಮುಟ್ಟಿ ನೋಡಿದಂತೆಯೇ.

ಇನ್ನು ಕಿಡಿಯ ಲೆಕ್ಕ. ಗಾಳಿ ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದರೆ ಕ್ಷೇತ್ರ ಒಂದು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಮೀರಿದರೆ ಗಾಳಿಯೂ ಸೋತು ದಾರಿ ಬಿಡುತ್ತದೆ. ಬಾಗಿಲ ಹಿಡಿಗೆ ಹಾರುವ ಕಿಡಿಯ ಹಿಂದೆ ಹಲವು ಸಾವಿರ ವೋಲ್ಟ್ ಇರುತ್ತದೆಂದ ಮೇಲೆ ಮನೆಯ 230 ವೋಲ್ಟ್ ಎಷ್ಟರದು? ಆದರೂ ಸ್ವೆಟರಿನ ಕಿಡಿಯಿಂದ ಯಾರೂ ಸಾಯುವುದಿಲ್ಲ, ಏಕೆಂದರೆ ಅದರಲ್ಲಿರುವ ಆವೇಶ ಅತ್ಯಲ್ಪ ಎಂದು ಹೇಳಿ ನಾವು ಉಪನ್ಯಾಸ ಮುಗಿಸಿದೆವು. ತಾಯಿಗೆ ಒಂದು ಉಪಾಯವನ್ನೂ ಕಲಿಸಿದೆವು. ಬೆರಳಿನಿಂದ ಮುಟ್ಟುವ ಮೊದಲು ಕೈಯಲ್ಲಿ ಬೀಗದ ಕೈ ಹಿಡಿದು ಅದನ್ನು ಹಿಡಿಗೆ ತಾಗಿಸಬೇಕು. ಕಿಡಿ ಬೀಗದ ಕೈಯ ತುದಿಯಲ್ಲಿ ಹಾರುತ್ತದೆ, ಬೆರಳಿಗೆ ನೋವಿಲ್ಲ. ಆಕೆ ಅಂದಿನಿಂದ ಸೊಂಟದಲ್ಲಿ ಊರಿನ ಮನೆಯ ಬೀಗದ ಕೈ ಸಿಕ್ಕಿಸಿಕೊಂಡು ಓಡಾಡಿದರು. ಊರಿನಲ್ಲೇ ಬಿಟ್ಟುಬರಬಹುದಾಗಿದ್ದ ಬೀಗದ ಕೈಗೆ ದೆಹಲಿಯಲ್ಲಿ ಕೆಲಸ ಸಿಕ್ಕಿತಲ್ಲ ಎಂದು ಅವರಿಗೂ ಸಮಾಧಾನ.

ಅದಾದ ನಾಲ್ಕೈದು ದಿನಕ್ಕೆ, ಬೆಳಿಗ್ಗೆ ನಾವು ಕಛೇರಿಗೆ ಹೊರಡುವ ಅವಸರದಲ್ಲಿದ್ದಾಗ, ತಾಯಿ ಹೇಳಿದರು. "ಬಚ್ಚಲ ನಲ್ಲೀಲೂ ಜುಮ್ಮಂತದೆ ಕಣೋ."

"ಅದೂ ಅದೇ ಆವೇಶ, ಅಮ್ಮ. ಹೆದರಬೇಡಿ" ಎಂದು ನಾವು ಶೂ ಕಟ್ಟಿಕೊಂಡೆವು.

ಮರುದಿನ ನಮ್ಮಾಕೆಯೂ ಹೇಳಿದಳು. "ರೀ, ಗೀಸರ್ ನಲ್ಲಿ ಮುಟ್ಟಿದ್ರೆ ಒಂಥರಾ ಆಗತ್ತೆ. ಬಿಜಲೀವಾಲಾನ ಒಂದ್ಸಲ ಕರೆಸಿ." ನಾವು ನಕ್ಕೆವು. ಇಪ್ಪತ್ತು ವರ್ಷ ಹಿಂದೆ ಬೀರುವಿನ ಮುಂದೆ ನಮ್ಮನ್ನು ನೋಡಿ ಸೆಕ್ಷನ್ನಿನವರು ನಕ್ಕಿದ್ದರಲ್ಲ, ಅದೇ ನಗೆ. ಭಾನುವಾರ ಅಷ್ಟು ಹೊತ್ತು ಹೇಳಿದ್ದು ತಲೆಗೆ ಹೋಗಲಿಲ್ಲವೇ ಎಂದೂ ಕೇಳಿದೆವು. ಆಕೆ ಸುಮ್ಮನಾದಳು. ತಾಯಿ ಆ ಮೇಲೆ ಈ ಮಾತನ್ನೇ ಎತ್ತಲಿಲ್ಲ. ಆ ಎರಡು ದಿನ, ಜನವರಿಯ ಚಳಿಯಲ್ಲಿ, ಗೀಸರಿನ ನಲ್ಲಿ ಮುಟ್ಟುವ ಬದಲು ತಣ್ಣೀರಿನಲ್ಲೇ ಮುಖ ಕೈಕಾಲು ತೊಳೆದುಕೊಂಡು ಸುಮ್ಮನಿದ್ದರೆಂದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮಗ ಏನೂ ಆಗಲ್ಲ ಅಂದಮೇಲೆ ಮತ್ತೆ ಮತ್ತೆ ಏನು ಹೇಳೋದು ಎಂದರು. ಆ ಮಾತು ಇನ್ನೂ ನಮ್ಮನ್ನು ಚುಚ್ಚುತ್ತದೆ.

ಮೂರನೆಯ ದಿನ ಬೆಳಿಗ್ಗೆ ಆರೂವರೆ. ಬಚ್ಚಲಿನಿಂದ ನಮ್ಮಾಕೆಯ ಕೂಗು ಕೇಳಿಸಿತು. ಕೂಗೆನ್ನಲೂ ಆಗದು, ಗಂಟಲಿನಲ್ಲೇ ಸಿಕ್ಕಿಕೊಂಡ ಸದ್ದು. ಬಾಗಿಲು ಅರೆ ತೆರೆದಿತ್ತು. ಬಕೆಟ್ಟಿಗೆ ಬಿಸಿನೀರು ಬಿಡಲು ಹೋದವಳ ಒದ್ದೆ ಕೈ ನಲ್ಲಿಗೆ ಅಂಟಿಕೊಂಡಂತೆ ನಿಂತಿತ್ತು. ಮೈ ನಡುಗುತ್ತಿತ್ತು. ನಾವು ಹಿಂದೆಮುಂದೆ ನೋಡದೆ ಎಳೆಯಲು ಕೈ ಚಾಚಿ ನುಗ್ಗಿದೆವು.

"ಮುಟ್ಬೇಡ ಕಣೋ!"

ಹಿಂದಿನಿಂದ ಬಂದ ಆ ದನಿ ನಮ್ಮ ತಾಯಿಯದೆಂದು ಗುರುತೇ ಸಿಗಲಿಲ್ಲ. ನಮ್ಮ ಸ್ವೆಟರಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ್ದರು. ಅಷ್ಟರಲ್ಲಿ ಮಗಳು ಬಾಗಿಲ ಬಳಿಯ ಮೇನ್ ಸ್ವಿಚ್ಚಿಗೆ ಓಡಿ ಹೋಗಿ ಕೆಳಗೆಳೆದಿದ್ದಳು. ಮನೆಯೆಲ್ಲ ಕತ್ತಲಾಯಿತು. ನಮ್ಮಾಕೆ ಗೋಡೆಗೆ ಒರಗಿ ಕುಸಿದು ಕುಳಿತಳು. ಒಟ್ಟು ನಾಲ್ಕೈದು ಸೆಕೆಂಡು ಇದ್ದಿರಬಹುದು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇ.ಸಿ.ಜಿ. ತೆಗೆದು, ಅರ್ಧ ದಿನ ಇರಿಸಿಕೊಂಡು, ಏನೂ ಆಗಿಲ್ಲವೆಂದು ಕಳಿಸಿದರು. ಅಂಗೈಯಲ್ಲಿ ಒಂದು ಸಣ್ಣ ಸುಟ್ಟ ಕಲೆ ಮಾತ್ರ ಉಳಿಯಿತು. ಅದು ಈಗಲೂ ಇದೆ.

ಬಿ.ಎಸ್ಸಿ. ಓದಿದ ನಾವು ಬರಿಗೈಯಲ್ಲಿ ನುಗ್ಗಿದೆವು. ನಾಲ್ಕನೆಯ ಇಯತ್ತೆ ದಾಟದ ತಾಯಿಗೆ ಮುಟ್ಟಬಾರದೆಂದು ತಿಳಿದಿತ್ತು. ಹೇಗೆಂದು ಆಮೇಲೆ ಕೇಳಿದೆವು. ನಾವು ಹುಟ್ಟುವ ಮೊದಲು ನಮ್ಮ ಪಕ್ಕದ ತೋಟದಲ್ಲಿ ಪಂಪ್‌ಸೆಟ್ಟಿನ ತಂತಿ ತಗುಲಿ ಒಬ್ಬರು ಬಿದ್ದಿದ್ದರಂತೆ. ಅವರನ್ನು ಎತ್ತಲು ಹೋದ ತಮ್ಮನೂ ಅಲ್ಲೇ ಹೋದನಂತೆ. "ಒಂದೇ ದಿನ ಎರಡು ಹೆಣ ಆ ಮನೇಲಿ" ಎಂದರು. ಇಷ್ಟು ವರ್ಷ ನಮಗೆ ಯಾರೂ ಈ ಕಥೆ ಹೇಳಿರಲಿಲ್ಲ. ಇನ್ನು ಮಗಳು? "ಸ್ಕೂಲಲ್ಲಿ ಹೇಳಿದ್ದರಲ್ಲಪ್ಪ, ಮೊದಲು ಸ್ವಿಚ್ ಆಫ್ ಮಾಡಬೇಕು ಅಂತ" ಎಂದಳು, ಅದೇನು ದೊಡ್ಡ ವಿಷಯ ಎನ್ನುವಂತೆ.

ಅಂದು ಸಂಜೆ ಬಿಜಲೀವಾಲಾ ಬಂದ. ಟೆಸ್ಟರನ್ನು ನಲ್ಲಿಗೆ ತಾಗಿಸಿ ಗೀಸರಿನ ಸ್ವಿಚ್ ಹಾಕಿಸಿದ. ಅದರೊಳಗಿನ ದೀಪ ಕೆಂಪಗೆ ಹೊತ್ತಿಕೊಂಡಿತು. ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತು ಬಿಚ್ಚಿ ನೋಡಿ, ನಮ್ಮ ಕಡೆ ತಿರುಗಿ ಹೇಳಿದ.

"ಸಾಬ್, ಇಸ್‌ಮೇ ತೋ ಅರ್ಥ್ ಹೀ ನಹೀಂ ಹೈ."

ನಮ್ಮ ಕನ್ನಡದ ಕಿವಿಗೆ ಅದು ಹೇಗೆ ಕೇಳಿಸಿರಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಅರ್ಥವೇ ಇಲ್ಲ! ಅವನು ಹೇಳಿದ್ದು ಅರ್ಥಿಂಗಿನ ತಂತಿಯ ಬಗ್ಗೆ. ಎರಡು ವರ್ಷದ ಹಿಂದೆ ಈ ಕ್ವಾರ್ಟರ್ಸಿಗೆ ಬಂದಾಗ ಗೀಸರಿನ ಹಳೆಯ ಪ್ಲಗ್ಗು ಒಡೆದಿತ್ತು. ಹೊಸ ಪ್ಲಗ್ಗನ್ನು ತಂದು ಕೂರಿಸಿದವರು ನಾವೇ. ಹಸಿರು ತಂತಿ ಗಿಡ್ಡವಾಗಿತ್ತು, ಪಿನ್ನಿಗೆ ಎಟುಕಲಿಲ್ಲ. ಎರಡು ತಂತಿಯಲ್ಲಿ ನೀರು ಕಾಯುತ್ತದಲ್ಲ, ಮೂರನೆಯದು ಹೆಚ್ಚಿಗೆಯದು ಎಂದು ಅದನ್ನು ಮಡಿಸಿ ಟೇಪು ಸುತ್ತಿಬಿಟ್ಟಿದ್ದೆವು. ನೀರೇನೋ ಎರಡು ವರ್ಷ ಚೆನ್ನಾಗಿಯೇ ಕಾಯಿತು.

ನಡೆದದ್ದಿಷ್ಟು. ಗೀಸರಿನೊಳಗೆ ನೀರು ಕಾಯಿಸುವ ಎಲಿಮೆಂಟಿನ ಮೇಲೆ ಗಡಸು ನೀರಿನ ಸುಣ್ಣ ಕಟ್ಟಿ, ಅದರ ಲೋಹದ ಕವಚ ಬಿರುಕುಬಿಟ್ಟಿತ್ತು. ಅಲ್ಲಿಂದ ವಿದ್ಯುತ್ತು ನೀರಿಗೆ, ಡಬ್ಬಿಗೆ, ನಲ್ಲಿಗೆ ಹಬ್ಬಿತ್ತು. ಹಸಿರು ತಂತಿ ಇದ್ದಿದ್ದರೆ ಅದು ಸರಾಗವಾಗಿ ಭೂಮಿಗೆ ಇಳಿಯುತ್ತಿತ್ತು. ಹರಿವು ಜೋರಾದಾಗ ಫ್ಯೂಸು ಹಾರಿ ಮೊದಲ ದಿನವೇ ನಮಗೆ ಬುದ್ಧಿ ಬರುತ್ತಿತ್ತು. ಆ ದಾರಿಯನ್ನು ನಾವು ಟೇಪು ಸುತ್ತಿ ಮುಚ್ಚಿದ್ದರಿಂದ ವಿದ್ಯುತ್ತು ಭೂಮಿಗೆ ಇಳಿಯಲು ಬೇರೆ ದಾರಿಗೆ ಕಾದಿತ್ತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ನಮ್ಮಾಕೆ ಆ ದಾರಿಯಾದಳು.

ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಉಪನ್ಯಾಸವನ್ನೇ ಒಂದೊಂದಾಗಿ ತಿರುವಿ ಹಾಕಿದೆವು. ಒದ್ದೆಯಿದ್ದಲ್ಲಿ ಆವೇಶ ನಿಲ್ಲದೆಂದು ಹೇಳಿದವರು ನಾವೇ. ಹಬೆ ತುಂಬಿದ ಬಚ್ಚಲಿನಲ್ಲಿ, ಒದ್ದೆ ಕೈಗೆ, ಸ್ವೆಟರಿನ ಶಾಕ್ ಎಲ್ಲಿಂದ ಬರಬೇಕು? ಸ್ವೆಟರಿನ ಕಿಡಿ ಚಟ್ಟೆಂದು ಒಮ್ಮೆ ಹಾರಿದರೆ ಮುಗಿಯಿತು. ಎರಡನೆಯ ಸಲ ಮುಟ್ಟಿದರೆ ಏನೂ ಇರುವುದಿಲ್ಲ. ನಲ್ಲಿಯದು ಮುಟ್ಟಿದಷ್ಟು ಹೊತ್ತೂ ಜುಮ್ಮೆನ್ನುತ್ತಿತ್ತು. ತಾಯಿ ಮೊದಲ ದಿನವೇ ಸರಿಯಾದ ಶಬ್ದ ಹೇಳಿದ್ದರು. ಮಗು ಮುಟ್ಟಿದಾಗ 'ಚೇಳು ಕುಟುಕಿದ ಹಾಗೆ', ನಲ್ಲಿಯಲ್ಲಿ 'ಜುಮ್ಮಂತದೆ'. ಎರಡು ಬೇರೆ ಅನುಭವಕ್ಕೆ ಆಕೆ ಎರಡು ಬೇರೆ ಮಾತು ಕೊಟ್ಟರು. ನಾವು ಎರಡಕ್ಕೂ ಒಂದೇ ಹೆಸರಿಟ್ಟು ಕಛೇರಿಗೆ ಹೋದೆವು.

ಲೆಕ್ಕವನ್ನೂ ಅರ್ಧಕ್ಕೆ ನಿಲ್ಲಿಸಿದ್ದೆವು. ಮೈ 5,000 ವೋಲ್ಟಿಗೆ ಏರಿದ್ದಾಗಲೂ ಅದರ ಮೇಲೆ ಹೆಚ್ಚಿಗೆ ಕೂತಿರುವ ಆವೇಶ ಸುಮಾರು ಅರ್ಧ ಮೈಕ್ರೊಕೂಲಂಬ್, ಅಂದರೆ ಕೂಲಂಬಿನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲು. ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಅದು ಮೂರು ಲಕ್ಷ ಕೋಟಿಯಾದರೂ ಕಣ್ಣು ಮಿಟುಕಿಸುವ ಮೊದಲೇ ಹರಿದು ಮುಗಿದಿರುತ್ತದೆ. ಮನೆಯ ಕರೆಂಟು ಹಾಗಲ್ಲ. ಕೈಯಿಂದ ಮೈಯೊಳಗೆ ಹತ್ತು ಮಿಲಿಆಂಪಿಯರಿನಷ್ಟು ಹರಿದರೆ ಸಾಕು, ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗದಂತಾಗಬಹುದು. ಆ ಹತ್ತು ಮಿಲಿಆಂಪಿಯರು ಒಂದು ಸೆಕೆಂಡಿನಲ್ಲಿ ಸಾಗಿಸುವ ಆವೇಶ ಸ್ವೆಟರಿನ ಕಿಡಿಯದರ ಇಪ್ಪತ್ತು ಸಾವಿರದಷ್ಟು. ಮುಂದಿನ ಸೆಕೆಂಡೂ ಅಷ್ಟೇ, ಅದರ ಮುಂದಿನದೂ ಅಷ್ಟೇ. ಜೋಗದ 830 ಅಡಿ ಮೇಲಿಂದ ಒಂದು ಹನಿ ತಲೆಯ ಮೇಲೆ ಬಿದ್ದರೆ ಒರೆಸಿಕೊಂಡು ನಗಬಹುದು. ಮೊಣಕಾಲುದ್ದದ ನಾಲೆ ರಭಸದಿಂದ ಹರಿಯುತ್ತಲೇ ಇದ್ದರೆ ಆಳು ಕೊಚ್ಚಿಹೋಗುತ್ತಾನೆ. ವೋಲ್ಟು ಎಂದರೆ ಎತ್ತರ ಮಾತ್ರ. ಎಷ್ಟು ಹರಿಯಿತು, ಎಷ್ಟು ಹೊತ್ತು ಹರಿಯಿತು ಎಂಬುದನ್ನು ಬಿಟ್ಟು ಎತ್ತರವೊಂದನ್ನೇ ಹೇಳಿದವನು ಏನನ್ನೂ ಹೇಳಿದಂತಾಗಲಿಲ್ಲ.

ನಮ್ಮ ಸಂಘದ ರಾಜ್ಯೋತ್ಸವದ ಸಭೆಗಳಲ್ಲಿ ನಾವು ಎದ್ದು ನಿಂತು ಹೇಳುವ ಮಾತೊಂದಿದೆ. 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು ನಮ್ಮದು, 1905ರಲ್ಲೇ ಬೆಂಗಳೂರಿಗೆ ವಿದ್ಯುದ್ದೀಪ ಬಂತು ಎಂದು. ಮಾತು ನಿಜವೇ. ಆದರೆ ನೂರಾರು ಕಿಲೋಮೀಟರ್ ವಿದ್ಯುತ್ತಿನ ವಿಷಯ ಗಂಟಲು ಬಿಚ್ಚಿ ಹೇಳುವ ನಮಗೆ ನಮ್ಮ ಬಚ್ಚಲಿನ ಒಂದು ಗೇಣುದ್ದ ಹಸಿರು ತಂತಿಯ ವಿಷಯ ತಿಳಿದಿರಲಿಲ್ಲ.

ಈಗ ಗೀಸರಿನ ಎಲಿಮೆಂಟು ಬದಲಾಗಿದೆ, ಹಸಿರು ತಂತಿ ತನ್ನ ಪಿನ್ನಿಗೆ ಸೇರಿದೆ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಸಣ್ಣ ಸಾಧನವೊಂದನ್ನು ಹಾಕಿಸಿದ್ದೇವೆ. ಅದು ಒಬ್ಬ ಕಟ್ಟುನಿಟ್ಟಿನ ಲೆಕ್ಕಪರಿಶೋಧಕ. ಒಂದು ತಂತಿಯಲ್ಲಿ ಹೋದದ್ದೆಷ್ಟು, ಇನ್ನೊಂದರಲ್ಲಿ ಮರಳಿ ಬಂದದ್ದೆಷ್ಟು ಎಂದು ಸದಾ ತಾಳೆ ನೋಡುತ್ತಿರುತ್ತದೆ. ಮೂವತ್ತು ಮಿಲಿಆಂಪಿಯರಿನಷ್ಟು ಲೆಕ್ಕ ತಪ್ಪಿದರೂ, ಅದು ಯಾರದೋ ಮೈಯ ಮೂಲಕ ಹೋಗುತ್ತಿರಬಹುದೆಂದು, ಕಣ್ಣೆವೆ ಇಕ್ಕುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲೆ 'ಟಿ' ಎಂದು ಬರೆದ ಗುಂಡಿಯಿದೆ; ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸ ಮಗನದು. ಸ್ನಾನಕ್ಕೆ ಮೊದಲು ಗೀಸರಿನ ಸ್ವಿಚ್ ಆರಿಸುವುದು ಎಲ್ಲರ ಕೆಲಸ. ಪರವೂರಿನಲ್ಲಿ ಬಾಡಿಗೆ ಮನೆ, ಕ್ವಾರ್ಟರ್ಸು ಎಂದು ಗಂಟುಮೂಟೆ ಹೊತ್ತು ತಿರುಗುವ ನಮ್ಮಂಥವರು ಮನೆ ಬದಲಿಸಿದಾಗಲೆಲ್ಲ ಹಾಲು ಉಕ್ಕಿಸುತ್ತೇವೆ. ಹಾಲು ಉಕ್ಕಿಸಿದ ಮೇಲೆ ಬಲ್ಲವನೊಬ್ಬನನ್ನು ಕರೆಸಿ ಪ್ಲಗ್ಗುಗಳ ಮೂರನೆಯ ಪಿನ್ನನ್ನೂ ನೋಡಿಸಿಬಿಡಿ. ಮನೆಯಲ್ಲಿ ಯಾರಾದರೂ ನಲ್ಲಿ ಜುಮ್ಮೆನ್ನುತ್ತದೆ ಎಂದರೆ ದಯವಿಟ್ಟು ನಗಬೇಡಿ.

ತಾಯಿ ಯುಗಾದಿಗೆ ಊರಿಗೆ ಮರಳಿದರು. ಭಾನುವಾರ ಭಾನುವಾರ ಫೋನು ಮಾಡುತ್ತಾರೆ. ಮಕ್ಕಳ ಓದು, ಸೊಸೆಯ ಕೈ, ನಮ್ಮ ಕೆಮ್ಮು ಎಲ್ಲವನ್ನೂ ವಿಚಾರಿಸಿಕೊಂಡ ಮೇಲೆ ಕೊನೆಗೆ ಒಂದು ಪ್ರಶ್ನೆ ಕೇಳದೆ ಫೋನು ಇಡುವುದಿಲ್ಲ.

"ಮನೇಲಿ ಅರ್ಥ ಸರಿಯಾಗಿದ್ಯೇನೋ?"

"ಇದೆ ಅಮ್ಮ, ಮೊನ್ನೆ ತಾನೇ ನೋಡಿಸಿದೆ" ಎನ್ನುತ್ತೇವೆ.